ಓಡುವ ಎಂಜಿನ್ ಮೇಲೆ ಪೆಟ್ರೋಲ್ ಸಿಂಪಡಿಸಿ ‘ಏರ್ ಲೀಕ್’ ಹುಡುಕಬಹುದೇ? ಈ ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಅಪಾಯವೆಷ್ಟು

“ನಿಮ್ಮ ಹಳೇ ಕಾರು ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆಗ್ತಿದೆಯಾ? ಮೆಕ್ಯಾನಿಕ್‌ಗೆ ದುಡ್ಡು ಸುರಿಯಬೇಡಿ. ಎಂಜಿನ್ ಆನ್ ಇಟ್ಟು ಪೈಪ್‌ಗಳ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ, ಅದಿಲ್ಲ ಅಂದ್ರೆ ಸ್ವಲ್ಪ ಪೆಟ್ರೋಲ್ ಸಾಕು. ಎಲ್ಲಿ ರೇಸ್ ಜಾಸ್ತಿ ಆಗುತ್ತೋ ಅಲ್ಲೇ ಲೀಕ್!”

ಈ ಧಾಟಿಯ ಸಂದೇಶಗಳು, ಜೊತೆಗೆ ಅರ್ಧ ನಿಮಿಷದ ವಿಡಿಯೊಗಳು ಗಾಡಿ ಪ್ರಿಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಕಾಣಸಿಗುತ್ತವೆ. ಕೆಲವದರಲ್ಲಿ ಕೊನೆಗೆ ಇನ್ನೊಂದು ಸಲಹೆಯೂ ಇರುತ್ತದೆ: ಲೀಕ್ ಸಿಗದಿದ್ದರೆ ಐಡಲ್ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ, ಸರಿ ಹೋಗುತ್ತದೆ.

ಇದು ಪೂರ್ತಿ ಸುಳ್ಳಾಗಿದ್ದರೆ ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಇದರ ಹಿಂದಿನ ವಿಜ್ಞಾನ ಸರಿಯಾಗಿಯೇ ಇದೆ. ಅನೇಕ ಮೆಕ್ಯಾನಿಕ್‌ಗಳೂ ಸ್ಪ್ರೇ ಬಳಸುತ್ತಾರೆ. ತೊಂದರೆ ಇರುವುದು ಸಂದೇಶ ಬಿಟ್ಟುಬಿಟ್ಟ ಎರಡು ವಿಷಯಗಳಲ್ಲಿ. ಒಂದು, ಬೆಂಕಿ. ಇನ್ನೊಂದು, ಬ್ರೇಕ್.

ಲೀಕ್ ಅಂದರೆ ಹೊರಗೆ ಸೋರುವುದಲ್ಲ

ಲೀಕ್ ಎಂದಾಗ ನಲ್ಲಿ, ಟ್ಯಾಂಕು, ನೆಲದ ಮೇಲೆ ಬಿದ್ದ ಎಣ್ಣೆಯ ಕಲೆ ನೆನಪಾಗುತ್ತದೆ. ವ್ಯಾಕ್ಯೂಮ್ ಲೀಕ್ ಇದಕ್ಕೆ ತಿರುವುಮುರುವು. ಇಲ್ಲಿ ಏನೂ ಹೊರಗೆ ಬರುವುದಿಲ್ಲ, ಬೇಡದ ಗಾಳಿ ಒಳಗೆ ಹೋಗುತ್ತದೆ. ಗ್ಯಾರೇಜಿನಲ್ಲಿ “ಏರ್ ಎಳೀತಿದೆ ಸಾರ್” ಎನ್ನುವುದು ಇದನ್ನೇ. ನೆಲದ ಮೇಲೆ ಕಲೆ ಬೀಳದ ಕಾರಣ ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ.

ಎಳನೀರಿನ ಸ್ಟ್ರಾ ಸೀಳಿದ್ದರೆ ಏನಾಗುತ್ತದೆ ಗೊತ್ತಲ್ಲ. ಎಷ್ಟು ಎಳೆದರೂ ಬಾಯಿಗೆ ನೀರಿಗಿಂತ ಗಾಳಿಯೇ ಹೆಚ್ಚು ಬರುತ್ತದೆ. ಪೆಟ್ರೋಲ್ ಎಂಜಿನ್ ಕೂಡ ಪ್ರತಿ ಸುತ್ತಿನಲ್ಲೂ ಹೀಗೆ ಹೀರುತ್ತಲೇ ಇರುತ್ತದೆ. ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಥ್ರಾಟಲ್ ಎಂಬ ಬಾಗಿಲು ಬಹುತೇಕ ಮುಚ್ಚಿಕೊಳ್ಳುತ್ತದೆ. ಎಂಜಿನ್ ಹೀರುವುದನ್ನು ನಿಲ್ಲಿಸುವುದಿಲ್ಲ, ಗಾಳಿ ಮಾತ್ರ ಸಾಕಷ್ಟು ಬರುವುದಿಲ್ಲ. ಹಾಗಾಗಿ ಥ್ರಾಟಲ್‌ಗೂ ಸಿಲಿಂಡರ್‌ಗಳಿಗೂ ನಡುವಿನ ಕೊಳವೆಯಲ್ಲಿ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ, ಒತ್ತಡ ಹೊರಗಿನ ವಾತಾವರಣದ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದೇ ವ್ಯಾಕ್ಯೂಮ್.

ಹಳೆಯ ಗಾಡಿಗಳಲ್ಲಿ ಈ ಹೀರುವ ಶಕ್ತಿಯನ್ನು ಬೇರೆ ಕೆಲಸಗಳಿಗೂ ಬಳಸಿಕೊಳ್ಳುತ್ತಾರೆ. ಬ್ರೇಕ್ ಬೂಸ್ಟರ್‌ಗೆ ಒಂದು ದಪ್ಪ ಪೈಪ್, ಡಿಸ್ಟ್ರಿಬ್ಯೂಟರ್‌ನ ಅಡ್ವಾನ್ಸ್‌ಗೆ ಒಂದು ಸಣ್ಣ ಪೈಪ್, ಎಂಜಿನ್ ಒಳಗಿನ ಹೊಗೆ ಎಳೆದುಕೊಳ್ಳಲು ಇನ್ನೊಂದು. ಎಲ್ಲವೂ ರಬ್ಬರ್. ಬಾನೆಟ್ ಕೆಳಗಿನ ಬಿಸಿಗೆ ಇಪ್ಪತ್ತು ವರ್ಷ ಬೆಂದ ರಬ್ಬರ್ ಗಟ್ಟಿಯಾಗಿ, ಮೊದಲು ತುದಿಗಳಲ್ಲಿ ಸೀಳುತ್ತದೆ. ಇಲಿಗಳ ಪಾಲೂ ಇದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇವು ಪೈಪ್ ಕಡಿದಿಟ್ಟಿರುತ್ತವೆ.

ಎರಡು ಮಿಲಿಮೀಟರ್ ತೂತಿನ ಲೆಕ್ಕ

ಅಷ್ಟು ಸಣ್ಣ ಸೀಳಿನಿಂದ ಇಡೀ ಎಂಜಿನ್ ಯಾಕೆ ನಡುಗಬೇಕು ಎಂಬ ಪ್ರಶ್ನೆ ಸಹಜ. ಒಂದು ಒರಟು ಲೆಕ್ಕ ಹಾಕೋಣ.

ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800 ತೆಗೆದುಕೊಳ್ಳಿ. ಅದರ ಎಂಜಿನ್ 796 ಸಿಸಿ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಹೀರುವುದರಿಂದ ಒಂದು ಸುತ್ತಿಗೆ ಸುಮಾರು 0.4 ಲೀಟರ್. ಐಡಲ್‌ನಲ್ಲಿ ನಿಮಿಷಕ್ಕೆ 850 ಸುತ್ತು ಎಂದಿಟ್ಟುಕೊಂಡರೆ 340 ಲೀಟರ್. ಆದರೆ ಮ್ಯಾನಿಫೋಲ್ಡ್‌ನ ಗಾಳಿ ಮೂರನೇ ಒಂದು ಭಾಗದಷ್ಟು ತೆಳುವಾಗಿರುವುದರಿಂದ, ಹೊರಗಿನ ಗಾಳಿಯ ಲೆಕ್ಕದಲ್ಲಿ ಅದು ನಿಮಿಷಕ್ಕೆ ಬರೀ 110 ಲೀಟರ್ ಆಸುಪಾಸು.

ಈಗ 2 ಮಿಲಿಮೀಟರ್ ತೂತು. ಒಳಗಿನ ಒತ್ತಡ ಹೊರಗಿನದರ ಅರ್ಧಕ್ಕಿಂತ ಕಡಿಮೆ ಇದ್ದಾಗ ಗಾಳಿ ಆ ತೂತಿನಲ್ಲಿ ಹೆಚ್ಚುಕಡಿಮೆ ಶಬ್ದದ ವೇಗದಲ್ಲಿ ನುಗ್ಗುತ್ತದೆ. ಲೀಕ್ ಇರುವ ಎಂಜಿನ್ ‘ಸುಯ್’ ಎನ್ನುವುದು ಇದಕ್ಕೇ. ಆ ವೇಗದಲ್ಲಿ ನಿಮಿಷಕ್ಕೆ ಸುಮಾರು 25 ಲೀಟರ್ ಗಾಳಿ ಕಳ್ಳದಾರಿಯಿಂದ ಒಳಗೆ ಬರುತ್ತದೆ. ಅಂದರೆ ಎಂಜಿನ್ ಐಡಲ್‌ನಲ್ಲಿ ಕುಡಿಯುವ ಗಾಳಿಯ ಕಾಲು ಭಾಗದಷ್ಟು! ತೂತು 4 ಮಿಲಿಮೀಟರ್ ಆದರೆ ಇದು ನಾಲ್ಕು ಪಟ್ಟಾಗಿ, ಸರಿಯಾದ ದಾರಿಯಿಂದ ಬರುವ ಗಾಳಿಯ ಸಮಕ್ಕೆ ನಿಲ್ಲುತ್ತದೆ.

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಳ್ಳದಾರಿಯ ಗಾಳಿಗೆ ಕಾರ್ಬ್ಯುರೇಟರ್ ಪೆಟ್ರೋಲ್ ಬೆರೆಸುವುದಿಲ್ಲ, ಅದಕ್ಕೆ ಆ ಗಾಳಿ ಬಂದದ್ದೇ ಗೊತ್ತಿಲ್ಲ. ಗಾಳಿ ಕಾಲು ಭಾಗ ಹೆಚ್ಚಾದರೆ 14.7 ಎಂಬುದು 18 ದಾಟುತ್ತದೆ. ಅಷ್ಟು ತೆಳುವಾದ ಮಿಶ್ರಣದಲ್ಲಿ ಪ್ಲಗ್ ಕಿಡಿ ಹಾರಿಸಿದರೂ ಉರಿ ಸರಿಯಾಗಿ ಹರಡುವುದಿಲ್ಲ. ಎಂಜಿನ್ ಮಿಸ್ ಹೊಡೆಯುತ್ತದೆ, ನಡುಗುತ್ತದೆ, ಸಿಗ್ನಲ್‌ನಲ್ಲಿ ನಿಂತುಹೋಗುತ್ತದೆ.

ಅದೇ ಕಾರು ಹೆದ್ದಾರಿಯಲ್ಲಿ 3000 ಸುತ್ತಿನಲ್ಲಿ ಓಡುವಾಗ ಎಂಜಿನ್ ನಿಮಿಷಕ್ಕೆ 700 ಲೀಟರ್‌ಗೂ ಹೆಚ್ಚು ಗಾಳಿ ಕುಡಿಯುತ್ತಿರುತ್ತದೆ. ಅದರಲ್ಲಿ 25 ಲೀಟರ್ ಲೆಕ್ಕಕ್ಕೇ ಬರುವುದಿಲ್ಲ. “ರೇಸ್ ಕೊಟ್ರೆ ಚೆನ್ನಾಗೇ ಇದೆ, ನಿಲ್ಲಿಸಿದ್ರೆ ಮಾತ್ರ ಸಾಯುತ್ತೆ” ಎನ್ನುವ ದೂರು ವ್ಯಾಕ್ಯೂಮ್ ಲೀಕ್‌ನ ಬಲವಾದ ಸುಳಿವು. ಬೈಕಿನಲ್ಲೂ ಹೀಗೆಯೇ. ಕಾರ್ಬ್ಯುರೇಟರ್‌ಗೂ ಎಂಜಿನ್‌ಗೂ ನಡುವಿನ ರಬ್ಬರ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟರೆ ಐಡಲ್ ಒಂದು ಕಡೆ ನಿಲ್ಲುವುದಿಲ್ಲ.

ಸ್ಪ್ರೇ ಮಾಡಿದರೆ ರೇಸ್ ಏರುವುದು ಯಾಕೆ, ಬೆಂಕಿ ಹತ್ತುವುದು ಯಾಕೆ

ಲೀಕ್ ಇರುವ ಜಾಗಕ್ಕೆ ಉರಿಯುವ ದ್ರವ ಸಿಂಪಡಿಸಿದರೆ ಗಾಳಿಯ ಜೊತೆ ಅದೂ ಒಳಗೆ ಹೋಗುತ್ತದೆ. ತೆಳುವಾಗಿದ್ದ ಮಿಶ್ರಣಕ್ಕೆ ಕ್ಷಣಕಾಲ ಇಂಧನ ಸಿಕ್ಕಿ ಎಂಜಿನ್‌ನ ಸದ್ದು ಬದಲಾಗುತ್ತದೆ. ಫಾರ್ವರ್ಡ್‌ನಲ್ಲಿ ಇಷ್ಟು ನಿಜ.

ಆದರೆ ಸಿಂಪಡಿಸಿದ್ದೆಲ್ಲ ಒಳಗೆ ಹೋಗುವುದಿಲ್ಲ, ಹೆಚ್ಚಿನದು ಹೊರಗೇ ಬೀಳುತ್ತದೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳಬಲ್ಲಷ್ಟು ಆವಿ ಬಿಡುತ್ತದೆ. ನಮ್ಮ ಊರಿನ ಬಿಸಿಲಲ್ಲಿ, ಬಿಸಿ ಎಂಜಿನ್ ಮೇಲೆ ಅದರ ಸ್ಥಿತಿ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅದಕ್ಕೆ ಹತ್ತಿಕೊಳ್ಳಲು ಬೇಕಾದದ್ದೂ ಪಕ್ಕದಲ್ಲೇ ಇದೆ. ಹಳೆಯ ಪ್ಲಗ್ ವೈರ್‌ಗಳ ಕವಚ ಬಿರುಕು ಬಿಟ್ಟು ಅಲ್ಲಿಂದ ಕಿಡಿ ಹಾರುತ್ತಿರುತ್ತದೆ. ಹಗಲಲ್ಲಿ ಇದು ಕಾಣಿಸುವುದಿಲ್ಲ, ಕತ್ತಲಲ್ಲಿ ಬಾನೆಟ್ ಎತ್ತಿದರೆ ನೀಲಿಯಾಗಿ ಕಾಣುತ್ತದೆ. ಇನ್ನು ಹಳೆಯ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ನೋಡಿದವರಿಗೆ ಗೊತ್ತಿರುತ್ತದೆ: ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳು ಎರಡೂ ಒಂದೇ ಬದಿಯಲ್ಲಿವೆ. ಇನ್‌ಟೇಕ್ ಕಡೆ ಲೀಕ್ ಇದೆಯೇ ಎಂದು ಸಿಂಪಡಿಸಿದ್ದು ನೇರ ಕಾದ ಕಬ್ಬಿಣದ ಮೇಲೇ ಇಳಿಯುತ್ತದೆ.

ಕಾರ್ಬ್ ಕ್ಲೀನರ್ ಡಬ್ಬಿಯೂ ಸಾಧುವಲ್ಲ. ಅದರಲ್ಲೂ ಬೇಗ ಹೊತ್ತಿಕೊಳ್ಳುವ ದ್ರಾವಕಗಳೇ ಇರುವುದು. ಡಬ್ಬಿಯ ಮೇಲೆ ಬೆಂಕಿಯ ಚಿತ್ರ ಸುಮ್ಮನೆ ಹಾಕಿಲ್ಲ. ಗೊತ್ತಿರುವ ಮೆಕ್ಯಾನಿಕ್ ಅದನ್ನು ಬಳಸಿದರೂ ಚಿಮುಕಿಸುವಷ್ಟು ಮಾತ್ರ, ಎಕ್ಸಾಸ್ಟ್‌ನಿಂದ ದೂರ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಬಳಸಬೇಕು. ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಓಡುವ ಎಂಜಿನ್ ಮೇಲೆ ಎರಚುವುದನ್ನು ಯಾರು ಮಾಡಿ ತೋರಿಸಿದರೂ ಮಾಡಬೇಡಿ. ಊದುಬತ್ತಿಯ ಹೊಗೆ ಎತ್ತ ಎಳೆಯುತ್ತದೆ ನೋಡಿ ಹುಡುಕುವ ಐಡಿಯಾ ಕೂಡ ಅಷ್ಟೇ. ಪೆಟ್ರೋಲ್ ಆವಿ ಇರುವ ಕಡೆ ಕೆಂಡ ಹಿಡಿದು ಓಡಾಡಿದ ಹಾಗೆ.

ಇಷ್ಟು ಅಪಾಯಕ್ಕೆ ಒಡ್ಡಿಕೊಂಡರೂ ಉತ್ತರ ಪಕ್ಕಾ ಅಲ್ಲ. ರೇಡಿಯೇಟರ್ ಫ್ಯಾನ್ ಆವಿಯನ್ನು ಎತ್ತಲೋ ಒಯ್ಯುತ್ತದೆ, ಏರ್ ಫಿಲ್ಟರ್ ಮೂಲಕವೇ ಅದು ಒಳಗೆ ಹೋಗಿ ರೇಸ್ ಬದಲಾಗಬಹುದು. ಆಗ ಲೀಕ್ ಇಲ್ಲದ ಜಾಗಕ್ಕೆ ಹೊಸ ಪ್ಯಾಕಿಂಗ್ ಬೀಳುತ್ತದೆ. ಡೀಸೆಲ್ ಗಾಡಿಯವರಿಗಂತೂ ಈ ಫಾರ್ವರ್ಡ್ ಅನ್ವಯಿಸುವುದೇ ಇಲ್ಲ. ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಥ್ರಾಟಲ್ ಇರುವುದಿಲ್ಲ, ಬ್ರೇಕ್‌ಗೆ ಬೇಕಾದ ವ್ಯಾಕ್ಯೂಮ್ ಬೇರೆ ಪಂಪ್‌ನಿಂದ ಬರುತ್ತದೆ.

ಎಂಜಿನ್ ಬಿಡಿ, ಮೊದಲು ಬ್ರೇಕ್ ನೋಡಿ

ಈ ಸಂದೇಶಗಳಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಬೆಂಕಿಗಿಂತ ಆ ಐಡಲ್ ಸ್ಕ್ರೂ ಸಲಹೆ. ಸ್ಕ್ರೂ ತಿರುಗಿಸಿದರೆ ಥ್ರಾಟಲ್ ಸ್ವಲ್ಪ ಹೆಚ್ಚು ತೆರೆದುಕೊಂಡು ಎಂಜಿನ್ ನಿಲ್ಲದೆ ಓಡುತ್ತದೆ. ಲೀಕ್ ಮಾತ್ರ ಅಲ್ಲೇ ಇರುತ್ತದೆ. ಆ ಲೀಕ್ ಬ್ರೇಕ್ ಬೂಸ್ಟರ್‌ನ ಪೈಪಿನಲ್ಲಿದ್ದರೆ?

ಬ್ರೇಕ್ ಪೆಡಲ್‌ನ ಹಿಂದೆ, ಎಂಜಿನ್ ಬದಿಯ ಗೋಡೆಗೆ ಅಂಟಿದ ದುಂಡಗಿನ ಕಪ್ಪು ಡಬ್ಬಿಯೇ ಬೂಸ್ಟರ್. ಎಲ್ಲ ಹಳೆಯ ಕಾರುಗಳಲ್ಲೂ ಇರುವುದಿಲ್ಲ. ಇರುವ ಕಾರಿನಲ್ಲಿ ಅದು ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಬಳಸಿ ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುತ್ತದೆ. ಪೈಪ್‌ನಲ್ಲಿ ಒಂದು ಚೆಕ್ ವಾಲ್ವ್ ಇರುತ್ತದೆ. ಎಂಜಿನ್ ನಿಂತರೂ ಎರಡು-ಮೂರು ಬಾರಿ ಬ್ರೇಕ್ ಒತ್ತುವಷ್ಟು ವ್ಯಾಕ್ಯೂಮ್ ಅನ್ನು ಅದು ಹಿಡಿದಿಡುತ್ತದೆ. ಪೈಪ್ ಸೀಳಿದ್ದರೆ ಅಥವಾ ವಾಲ್ವ್ ಕೆಟ್ಟಿದ್ದರೆ ಆ ಉಳಿತಾಯವೂ ಇಲ್ಲ.

ಪರೀಕ್ಷೆಗೆ ಎರಡು ನಿಮಿಷ ಸಾಕು. ಕಾರು ಸಮತಟ್ಟು ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿರಲಿ. ಎಂಜಿನ್ ಆಫ್ ಇರುವಾಗ ಪೆಡಲ್ ಅನ್ನು ಐದಾರು ಸಲ ಒತ್ತಿ ಬಿಡಿ, ಅದು ಗಟ್ಟಿಯಾಗುತ್ತದೆ. ಈಗ ಪೆಡಲ್ ಮೇಲೆ ಕಾಲಿಟ್ಟು ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲ ಕೆಳಗೆ ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್‌ಗೆ ವ್ಯಾಕ್ಯೂಮ್ ತಲುಪುತ್ತಿಲ್ಲ, ಅಥವಾ ಬೂಸ್ಟರೇ ಕೆಟ್ಟಿದೆ. ಎರಡನೆಯದು: ಒಂದೆರಡು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಪೆಡಲ್ ಒತ್ತಿ. ಮೊದಲ ಒತ್ತಿಗೇ ಕಲ್ಲಿನಂತಿದ್ದರೆ ಚೆಕ್ ವಾಲ್ವ್ ಅಥವಾ ಪೈಪ್ ಮೇಲೆ ಅನುಮಾನ. ಪೆಡಲ್ ಒತ್ತಿದಾಗ ಕಾಲಿನ ಹತ್ತಿರ ‘ಸುಯ್’ ಸದ್ದು ನಿಲ್ಲದೆ ಬರುತ್ತಾ ಎಂಜಿನ್ ನಡುಗಿದರೆ ಬೂಸ್ಟರ್ ಒಳಗಿನ ರಬ್ಬರ್ ಪೊರೆ ಹರಿದಿರಬಹುದು.

ಈ ಪರೀಕ್ಷೆಗಳಲ್ಲಿ ಒಂದರಲ್ಲಿ ಸೋತರೂ ಆ ಕಾರನ್ನು ಘಾಟಿ ಇಳಿಸಬೇಡಿ. ಬೂಸ್ಟರ್ ಕೈಕೊಟ್ಟರೆ ಬ್ರೇಕ್ ಪೂರ್ತಿ ಹೋಗುವುದಿಲ್ಲ ಎಂಬುದು ನೆನಪಿರಲಿ. ಪೆಡಲ್ ಗಟ್ಟಿಯಾಗುತ್ತದೆ, ಮೈಭಾರ ಹಾಕಿ ತುಳಿಯಬೇಕಾಗುತ್ತದೆ. ಹಾಗೆ ತುಳಿದರೆ ಕಾರು ನಿಲ್ಲುತ್ತದೆ. ಗೊತ್ತಿಲ್ಲದವರು ಪೆಡಲ್ ಜಾಮ್ ಆಗಿದೆ ಎಂದು ಗಾಬರಿಯಾಗಿ ಕಾಲು ತೆಗೆದುಬಿಡುತ್ತಾರೆ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಹಳೆಯ ನಂಬಿಕೆ ಇದೆ: ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂದು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಹಾಗೆ ಇಳಿಯುವವರ ಬೂಸ್ಟರ್, ಸುಸ್ಥಿತಿಯಲ್ಲಿದ್ದರೂ, ಮೂರನೇ ತಿರುವಿಗೇ ಖಾಲಿ. ಗೇರ್‌ನಲ್ಲೇ ಇಳಿದರೆ ಥ್ರಾಟಲ್ ಮುಚ್ಚಿದ ಎಂಜಿನ್ ಇನ್ನೂ ಬಲವಾಗಿ ಹೀರಿ ಬೂಸ್ಟರ್ ತುಂಬುತ್ತಲೇ ಇರುತ್ತದೆ.

ಬೆಂಕಿಯ ಹಂಗಿಲ್ಲದೆ ಹುಡುಕುವುದು

ಮೊದಲು ಕಣ್ಣು, ಆಮೇಲೆ ಕೈ. ಎಂಜಿನ್ ತಣ್ಣಗಿರುವಾಗ, ಆಫ್ ಮಾಡಿ, ಪ್ರತಿ ರಬ್ಬರ್ ಪೈಪನ್ನೂ ತುದಿಯಲ್ಲಿ ಸ್ವಲ್ಪ ಬಗ್ಗಿಸಿ ನೋಡಿ. ಮೇಲೆ ಚೆನ್ನಾಗಿ ಕಾಣುವ ಪೈಪ್ ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಅಡಿಭಾಗಕ್ಕೂ ಬೆರಳು ಹಾಯಿಸಿ. ಬಳಸದೆ ಬಿಟ್ಟ ಕೊಳವೆಗಳಿಗೆ ಹಾಕಿದ ರಬ್ಬರ್ ಟೊಪ್ಪಿ ಇದೆಯೇ, ಬಿದ್ದುಹೋಗಿದೆಯೇ ನೋಡಿ. ನನ್ನ ಅಂದಾಜಿನಲ್ಲಿ ಇಷ್ಟಕ್ಕೇ ಅರ್ಧ ಕೆಲಸ ಮುಗಿಯುತ್ತದೆ.

ಮುಂದಿನದಕ್ಕೆ ಎಂಜಿನ್ ಓಡಬೇಕು. ಕಾರು ಬಯಲಲ್ಲಿರಲಿ. ಮುಚ್ಚಿದ ಶೆಡ್‌ನಲ್ಲಿ ಎಕ್ಸಾಸ್ಟ್‌ನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ತಲೆ ಸುತ್ತುವಷ್ಟರಲ್ಲಿ ತಡವಾಗಿರುತ್ತದೆ. ದುಪ್ಪಟ್ಟಾ, ಟವೆಲ್, ಸಡಿಲ ತೋಳು ಫ್ಯಾನ್ ಹತ್ತಿರ ಬೇಡ. ಒಂದು ಮೀಟರ್ ಉದ್ದದ ತೆಳ್ಳಗಿನ ರಬ್ಬರ್ ಟ್ಯೂಬಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಪೈಪ್‌ಗಳ ಜೋಡಣೆಗಳ ಉದ್ದಕ್ಕೂ ಸರಿಸಿ. ವೈದ್ಯರ ಸ್ಟೆತೊಸ್ಕೋಪಿನ ಹಾಗೆ ‘ಸುಯ್’ ಸದ್ದಿನ ಜಾಗ ಸಿಗುತ್ತದೆ. ಅದಾದಮೇಲೆ ಮೆದು ಪೈಪ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಅಥವಾ ಬಟ್ಟೆ ಸುತ್ತಿದ ಇಕ್ಕಳದಿಂದ ಒತ್ತಿ ಮುಚ್ಚಿ. ಯಾವುದನ್ನು ಮುಚ್ಚಿದಾಗ ಎಂಜಿನ್ ಸುಧಾರಿಸುತ್ತದೋ, ಲೀಕ್ ಆ ಪೈಪಿನಲ್ಲಿ ಅಥವಾ ಅದರ ಆಚೆ ತುದಿಯಲ್ಲಿದೆ.

ಪ್ಯಾಕಿಂಗ್‌ಗಳಿಗೆ, ಅಂದರೆ ಮ್ಯಾನಿಫೋಲ್ಡ್ ಮತ್ತು ಕಾರ್ಬ್ಯುರೇಟರ್ ತಳದ ಜೋಡಣೆಗಳಿಗೆ, ನೀರು ಸಾಕು. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಲ್ಲಿ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ನೀರು ಬಿರುಕನ್ನು ಕ್ಷಣಕಾಲ ಮುಚ್ಚುತ್ತದೆ, ಐಡಲ್ ಬದಲಾಗುತ್ತದೆ, ಕೆಲವೊಮ್ಮೆ ಒಳಗೆ ಎಳೆದುಕೊಳ್ಳುವ ಸದ್ದೂ ಕೇಳಿಸುತ್ತದೆ. ಡಿಸ್ಟ್ರಿಬ್ಯೂಟರ್, ಕಾಯಿಲ್, ಪ್ಲಗ್ ವೈರ್‌ಗಳಿಗೆ ಮತ್ತು ಕಾದ ಎಕ್ಸಾಸ್ಟ್‌ಗೆ ನೀರು ತಾಗಿಸಬೇಡಿ. ಇದು ಸ್ಪ್ರೇ ಡಬ್ಬಿಯಷ್ಟು ಚುರುಕಲ್ಲ, ತೀರಾ ಸಣ್ಣ ಲೀಕ್ ತಪ್ಪಿಸಿಕೊಳ್ಳಬಹುದು. ಆಗ ಹೊಗೆ ಯಂತ್ರ ಇರುವ ಗ್ಯಾರೇಜಿಗೆ ಹೋಗಿ. ಎಂಜಿನ್ ಆಫ್ ಇಟ್ಟು ಒಳಗೆ ಹೊಗೆ ತುಂಬುತ್ತಾರೆ, ಲೀಕ್ ಇರುವಲ್ಲಿ ಹೊಗೆ ಎದ್ದು ತಾನೇ ತೋರಿಸುತ್ತದೆ.

ಪೈಪ್ ಬದಲಿಸುವಾಗ ಅಕ್ವೇರಿಯಂನ ಪ್ಲಾಸ್ಟಿಕ್ ಟ್ಯೂಬ್ ತುರುಕುವ ಜುಗಾಡ್ ಬೇಡ. ಬಿಸಿಗೆ ಮೆತ್ತಗಾಗಿ, ಎಳೆತಕ್ಕೆ ಚಪ್ಪಟೆಯಾಗುತ್ತದೆ. ವ್ಯಾಕ್ಯೂಮ್ ಪೈಪ್ ಎಂದೇ ಕೇಳಿ ತೆಗೆದುಕೊಳ್ಳಿ. ಬೂಸ್ಟರ್‌ಗೆ ಆ ಗಾಡಿಯದ್ದೇ ಪೈಪ್ ಹಾಕಿಸಿ.

ಎಲ್ಲವೂ ಲೀಕ್ ಅಲ್ಲ

ಐಡಲ್ ಜೆಟ್‌ನಲ್ಲಿ ಕಸ, ಸವೆದ ಪ್ಲಗ್, ತಪ್ಪಾದ ಪಾಯಿಂಟ್ ಗ್ಯಾಪ್ ಕೂಡ ಇದೇ ಲಕ್ಷಣ ಕೊಡುತ್ತವೆ. ಇತ್ತೀಚೆಗೆ ಎಲ್ಲದಕ್ಕೂ ಇ20 ಪೆಟ್ರೋಲ್ ಕಡೆ ಬೆರಳು ತೋರಿಸುವುದು ರೂಢಿಯಾಗಿದೆ. ಅದರಲ್ಲೂ ಒಂದಿಷ್ಟು ಹುರುಳಿದೆ. ಎಥೆನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲಿಗೆ 14.7ರ ಬದಲು ಸುಮಾರು 13.5 ಪಾಲು ಗಾಳಿ ಸಾಕು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರ್‌ಗೆ ಮಿಶ್ರಣ ತೆಳುವಾದಂತೆಯೇ ಅನ್ನಿಸುತ್ತದೆ. ಆದರೆ ಆ ತೆಳುತನ ಎಲ್ಲ ವೇಗದಲ್ಲೂ ಇರುತ್ತದೆ, ಐಡಲ್‌ನಲ್ಲಿ ಮಾತ್ರ ಅಲ್ಲ. ಜೊತೆಗೆ ವ್ಯಾಕ್ಯೂಮ್ ಪೈಪ್‌ಗಳಲ್ಲಿ ಹರಿಯುವುದು ಗಾಳಿಯೇ ಹೊರತು ಪೆಟ್ರೋಲ್ ಅಲ್ಲ. ಅವು ಸೀಳಿದರೆ ಎಥೆನಾಲ್‌ಗಿಂತ ಮೊದಲು ಬಿಸಿ ಮತ್ತು ವಯಸ್ಸನ್ನು ಅನುಮಾನಿಸಬೇಕು.

ವ್ಯಾಕ್ಯೂಮ್ ಗೇಜ್ ಕೊಂಡವರಿಗೆ ಒಂದು ಮಾತು. ಒಳ್ಳೆಯ ಎಂಜಿನ್ ಐಡಲ್‌ನಲ್ಲಿ 17ರಿಂದ 21 ಇಂಚು ತೋರಿಸಬೇಕು ಎಂಬ ಸಂಖ್ಯೆ ಸಮುದ್ರಮಟ್ಟದ್ದು. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 19 ತೋರಿಸಿದ ಕಾರು ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸಿದರೆ ಅದು ಊರಿನ ಎತ್ತರ, ಲೀಕ್ ಅಲ್ಲ. ಮುಳ್ಳು ಅದಕ್ಕಿಂತ ಬಹಳ ಕೆಳಗೆ ಒಂದೇ ಕಡೆ ನಿಂತಿದ್ದರೆ ಹುಡುಕಲು ಶುರುಮಾಡಿ.

ಲೀಕ್ ಸಿಕ್ಕಿ ಪೈಪ್ ಬದಲಾದ ಕೂಡಲೇ ಎಂಜಿನ್ ಇದ್ದಕ್ಕಿದ್ದಂತೆ ಜೋರಾಗಿ ರೇಸ್ ಆಗತೊಡಗಬಹುದು. ಇಷ್ಟು ದಿನ ಲೀಕ್ ಮುಚ್ಚಿಡಲು ಯಾರೋ ತಿರುಗಿಸುತ್ತಾ ಬಂದ ಐಡಲ್ ಸ್ಕ್ರೂ ಈಗ ಬೇಕಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಸುತ್ತಿಗೆ ತಂದು, ಬ್ರೇಕ್ ಪೆಡಲ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.